ಹೊರೆಕಟ್ಟಿನ ತುಳಸಾ

ಹಳಿಯಾಳದಲ್ಲಿ ಕುಸ್ತಿ ನೋಡದವರು ಇಬ್ಬರೇ: ಒಬ್ಬರು ಇನ್ನೂ ಹುಟ್ಟಬೇಕಾದವರು, ಇನ್ನೊಬ್ಬರು ಆಗಲೇ ಸತ್ತವರು. ನಾನು ಮೈಕಿನಲ್ಲಿ ಈ ಮಾತು ಹೇಳಿದಾಗಲೆಲ್ಲ ಜನ ಸಿಳ್ಳೆ ಹೊಡೆಯುತ್ತಾರೆ. ಇಪ್ಪತ್ತಾರು ವರ್ಷದಿಂದ ಅದೇ ಮಾತು, ಅದೇ ಸಿಳ್ಳೆ. ನನ್ನ ಹೆಸರು ಅಡಿವೆಯ್ಯ. ಪೇಟೆಯಲ್ಲಿ ನನ್ನದೊಂದು ಬಾಂಡೆ-ಪಾತ್ರೆಗಳ ಅಂಗಡಿ ಇದೆ. ಆದರೆ ಊರು ನನ್ನನ್ನು ಕರೆಯುವುದು ಮೈಕಿನ ಅಡಿವೆಯ್ಯ ಎಂದೇ. ಕಣದಲ್ಲಿ ಜೋಡಿಗಳ ಹೆಸರು ಕೂಗುವುದು, ಪಟ್ಟು ಬಿದ್ದರೆ ಇಂಥ ಪಟ್ಟು ಎಂದು ಹೇಳುವುದು, ಬೆನ್ನು ಮಣ್ಣಿಗೆ ತಾಗಿದ ಕೂಡಲೇ ‘ಚಿತ್’ ಎಂದು ಒದರುವುದು ನನ್ನ ಕೆಲಸ. ನಾನು ಒಂದು ದಿನವೂ ಕಣಕ್ಕೆ ಇಳಿದವನಲ್ಲ. ಹಾಗಂತ ನನಗೆ ಕುಸ್ತಿ ತಿಳಿಯುವುದಿಲ್ಲ ಎಂದು ಯಾರಾದರೂ ಅಂದರೆ ಅವರ ಜೊತೆ ಜಗಳಕ್ಕೆ ನಾನು ಯಾವಾಗಲೂ ತಯಾರು.

ನಾನು ಹೇಳಹೊರಟಿರುವುದು ಒಬ್ಬ ಹೆಣ್ಣುಮಗಳ ವಿಷಯ. ಆರು ವರ್ಷ ನನ್ನ ಮೈಕಿನಲ್ಲಿ ಆಕೆಯ ಹೆಸರು ಬರಲಿಲ್ಲ. ಆಕೆ ಬಂದಿರಲಿಲ್ಲ ಎಂದಲ್ಲ. ಪ್ರತಿ ವರ್ಷ ಬಂದಳು, ಕಣದಲ್ಲಿ ನಿಂತಳು, ಕೈ ಚಾಚಿದಳು. ಆ ಕೈಯನ್ನು ಯಾರೂ ಹಿಡಿಯಲಿಲ್ಲ.

ತುಳಸಾ ಸಿದ್ದಿ ಸಾಂಬ್ರಾಣಿಯ ಆಚೆ ಕಾಡಿನಂಚಿನ ಒಂದು ಕೇರಿಯವಳು. ಅಪ್ಪ ರೋಹಿದಾಸ ಸುಗ್ಗಿಯಲ್ಲಿ ಕಬ್ಬು ಕಡಿಯಲು ಹೋಗುತ್ತಿದ್ದ, ಬೆನ್ನ ಹಿಂದೆಯೇ ಮಗಳು. ಹನ್ನೆರಡು ವರ್ಷಕ್ಕೇ ಆಕೆ ಗಂಡಾಳಿನ ಸಮ ಹೊರೆ ಕಟ್ಟುತ್ತಿದ್ದಳು. ಕಬ್ಬಿನ ಹೊರೆ ಕಟ್ಟುವುದನ್ನು ನೋಡಿದವರಿಗೆ ನಾನು ಮುಂದೆ ಹೇಳುವುದು ಸುಲಭವಾಗಿ ತಿಳಿಯುತ್ತದೆ. ಕಡಿದ ಕಬ್ಬನ್ನು ಹಗ್ಗದ ಮೇಲೆ ಒಟ್ಟಿ, ಅದರ ಮೇಲೆ ಮೊಣಕಾಲು ಊರಿ, ಹಗ್ಗದ ತುದಿಯನ್ನು ಕಂಕುಳಿಗೆ ಸಿಗಿಸಿಕೊಂಡು, ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಜಗ್ಗಬೇಕು. ತೋಳಿನ ಬಲದಿಂದ ಆಗುವ ಕೆಲಸವಲ್ಲ ಅದು. ಹಿಂದಕ್ಕೆ ವಾಲುವುದರಲ್ಲಿ ಅದರ ಗುಟ್ಟಿದೆ.

ಹಳಿಯಾಳದ ತಾಲೀಮಿಗೆ ಬಂದು ಕುಸ್ತಿ ಕಲಿಯತೊಡಗಿದಾಗ ತುಳಸಾ ಈ ಗುಟ್ಟನ್ನು ಮಣ್ಣಿಗೆ ತಂದಳು. ಎದುರಿನವಳ ಪಾದವನ್ನು ಕಂಕುಳಿಗೆ ಸಿಗಿಸಿ, ಆ ಕಾಲನ್ನು ತನ್ನ ಎರಡು ಮೊಣಕಾಲುಗಳ ನಡುವೆ ಅಮುಕಿ, ಹಿಂದಕ್ಕೆ ವಾಲಿಬಿಡುತ್ತಿದ್ದಳು. ನೋವು ತಡೆಯಲಾರದೆ ಎದುರಿನವಳು ತಾನಾಗಿಯೇ ಹೊರಳಿ ಬೆನ್ನನ್ನು ಮಣ್ಣಿಗೆ ಕೊಡುತ್ತಿದ್ದಳು. ಚಿತ್! ತಾಲೀಮಿನ ಯಾವ ಗುರು, ಯಾವ ವಸ್ತಾದನೂ ಕಲಿಸಿದ ಪಟ್ಟಲ್ಲ ಇದು, ಇದಕ್ಕೆ ಯಾವ ಹೆಸರೂ ಇರಲಿಲ್ಲ. ಹೆಸರಿಟ್ಟವನು ನಾನು. ‘ಬಿತ್ತು ನೋಡ್ರಿ ಹೊರೆಕಟ್ಟು!’ ಎಂದು ಒಮ್ಮೆ ಮೈಕಿನಲ್ಲಿ ಅಂದೆ, ಅದೇ ನಿಂತಿತು. ಇಪ್ಪತ್ತೊಂದನೆಯ ವಯಸ್ಸಿಗೆ ಆಕೆ ಹೊರೆಕಟ್ಟಿನ ತುಳಸಾ ಆಗಿಬಿಟ್ಟಿದ್ದಳು. ಬೆಳಗಾವಿ, ಧಾರವಾಡದ ಕಡೆಯಿಂದ ಜನ ಆ ಪಟ್ಟು ನೋಡಲೆಂದೇ ಬರುತ್ತಿದ್ದರು.

ಆಮೇಲೆ ಪೂರ್ಣಿಮಾ ಬಂದಳು. ಮುಂಡಗೋಡದ ಹುಡುಗಿ, ಕಟ್ಟಿಗೆಯಂಥ ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಹಟ. ಆರು ವರ್ಷದ ಹಿಂದಿನ ಆ ಕುಸ್ತಿಯಲ್ಲಿ ಹೊರೆಕಟ್ಟು ಬಿತ್ತು, ಪೂರ್ಣಿಮಾ ಹೊರಳಲಿಲ್ಲ. ತುಳಸಾ ಇನ್ನಷ್ಟು ವಾಲಿದಳು. ಪೂರ್ಣಿಮಾ ಹಲ್ಲು ಕಚ್ಚಿದಳೇ ಹೊರತು ಹೊರಳಲಿಲ್ಲ. ನಮ್ಮ ಕುಸ್ತಿಯಲ್ಲಿ ಸೋಲು ಎಂದರೆ ಬೆನ್ನು ಮಣ್ಣಿಗೆ ತಾಗುವುದು, ಅದೊಂದೇ. ನೋವಾಯಿತು, ಸಾಕು, ಬಿಡು ಎಂದು ಹೇಳುವುದಕ್ಕೆ ಒಂದು ಮಾತಿಲ್ಲ, ಒಂದು ಸನ್ನೆಯಿಲ್ಲ. ಪೂರ್ಣಿಮಾಳ ಕಣಕಾಲು ಮುರಿದ ಸದ್ದು ಕಣದ ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಮೊದಲು ಚೀರಿದವಳು ಪೂರ್ಣಿಮಾ ಅಲ್ಲ, ತುಳಸಾ. ಪಟ್ಟು ಬಿಟ್ಟು ಆ ಹುಡುಗಿಯ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಅತ್ತಳು. ಪೂರ್ಣಿಮಾ ಈಗ ಮುಂಡಗೋಡದಲ್ಲಿ ಅಂಗನವಾಡಿ ನಡೆಸುತ್ತಾಳೆ. ಚೆನ್ನಾಗಿದ್ದಾಳೆ, ಸ್ವಲ್ಪ ಕುಂಟುತ್ತಾಳೆ. ಕುಸ್ತಿಗೆ ತಿರುಗಿ ಬರಲಿಲ್ಲ.

ತಪ್ಪು ಯಾರದೆಂದು ಊರು ಬಹಳ ಯೋಚಿಸಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ ಬರೆ ತುಳಸಾಳಿಗೆ ಬಿತ್ತು. ಹೊರೆಕಟ್ಟಿನ ತುಳಸಾ ಹೋಗಿ ಕಾಲು ಮುರಿಯುವ ತುಳಸಾ ಆದಳು.

ನಮ್ಮಲ್ಲಿ ಕುಸ್ತಿಯ ಜೋಡಿ ಕಾಗದದ ಮೇಲೆ ಆಗುವುದಿಲ್ಲ. ಕುಸ್ತಿಯ ದಿನ ಬೆಳಿಗ್ಗೆ ಪೈಲ್ವಾನರೆಲ್ಲ ಕೆಂಪು ಮಣ್ಣಿನ ಕಣದ ಸುತ್ತ ನಿಲ್ಲುತ್ತಾರೆ. ಪಂಚರು ತೂಕ, ಎತ್ತರ, ಹೆಸರು ನೋಡಿ ಇಬ್ಬರನ್ನು ಎದುರುಬದುರು ತಂದು ನಿಲ್ಲಿಸುತ್ತಾರೆ. ಒಬ್ಬರು ಕೈ ಚಾಚಿ ಇನ್ನೊಬ್ಬರು ಹಿಡಿದರೆ ಜೋಡಿ ಆಯಿತು, ನಾನು ಹೆಸರು ಕೂಗುತ್ತೇನೆ. ಹಿಡಿಯದಿದ್ದರೆ ಇಲ್ಲ. ಒತ್ತಾಯವಿಲ್ಲ, ಕಾರಣವನ್ನೂ ಹೇಳಬೇಕಿಲ್ಲ. ಮೊದಲ ವರ್ಷ ತುಳಸಾಳ ಎದುರಿಗೆ ತಂದು ನಿಲ್ಲಿಸಿದ ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಎರಡನೆಯ ವರ್ಷದವಳು ನಕ್ಕು ಹಿಂದೆ ಸರಿದಳು. ಕಳೆದ ವರ್ಷ ದ್ರಾಕ್ಷಾಯಣಿ ಎಂಬ ಇಪ್ಪತ್ತರ ಹುಡುಗಿಯನ್ನು ತಂದರು. ಪೂರ್ಣಿಮಾ ಕಲಿತ ತಾಲೀಮಿನಲ್ಲೇ ಕಲಿತವಳು, ಈಗ ನಮ್ಮ ನಾಲ್ಕೂ ತಾಲೂಕಿನಲ್ಲಿ ಆಕೆಯನ್ನು ಕೆಡವಿದವರಿಲ್ಲ. ಆಕೆ ಎಲ್ಲರಿಗೂ ಕೇಳುವಂತೆ, ‘ನಾ ಇಕಿ ಕೈ ಹಿಡಿಯಾಂಗಿಲ್ಲರಿ, ನನ್ನ ಕಾಲು ನನಗ ಬೇಕು’ ಎಂದಳು. ತುಳಸಾ ಚಾಚಿದ ಕೈಯನ್ನು ಮಡಚಿಕೊಂಡು ಹೆಂಗಸರ ಸಾಲಿನಲ್ಲಿ ಹೋಗಿ ಕುಳಿತು, ಆ ದಿನದ ಕುಸ್ತಿಗಳನ್ನೆಲ್ಲ ಕೊನೆಯವರೆಗೂ ನೋಡಿದಳು.

ನನಗೆ ಸಿಟ್ಟು ಬಂದಿತ್ತು. ಆಕೆಯ ಮೇಲೆಯೇ ಬಂದಿತ್ತು. ಕುಸ್ತಿ ಮುಗಿದ ಮೇಲೆ ಹೋಗಿ ಕೇಳಿದೆ:

‘ಯಾಕ ಬರ್ತೀ ತುಳಸಾ? ವರ್ಷಾ ವರ್ಷಾ ಬಂದು ಮಾನ ಕಳಕೊಂಡು ಹೋಗೂದು ಏನ್ ಚಂದ?’

‘ಅಯ್ಯಾರ, ಕುಸ್ತಿ ಒಬ್ಬಾಕಿನ ಹಿಡಿಯೂ ಆಟ ಅಲ್ಲರಿ. ಎದುರಿಗೆ ಇನ್ನೊಬ್ಬಾಕಿ ಬೇಕು. ಆಕಿ ಬರೂತನಕ ನಾ ಬರ್ತೇನಿ.’

‘ಬರಲಿಲ್ಲಂದ್ರ?’

‘ಮುದುಕಿ ಆಗೂತನಕ ಬರ್ತೇನಿ. ಆಮ್ಯಾಲ ಮುದುಕ್ಯಾರ ಜೋಡಿ ಯಾರರೆ ಸಿಗ್ತಾರ ಬಿಡ್ರಿ’ ಎಂದು ನಕ್ಕಳು.

ಆಕೆಯ ಗಂಡ ಲುಯಿಸ್ ಅಲ್ಲೇ ನಿಂತಿದ್ದ. ಸೂಪಾ ಆಣೆಕಟ್ಟಿನ ಕೆಳಗೆ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿಕೊಂಡು ಕಾಳಿ ನದಿಯ ಸೆಳವಿಗೆ ಇಳಿಸುವ ಕೆಲಸ ಅವನದು. ಅಷ್ಟು ವರ್ಷಗಳಿಂದ ತುಳಸಾ ತನ್ನ ಪಟ್ಟನ್ನು ಅಭ್ಯಾಸ ಮಾಡುತ್ತಿದ್ದುದು ಕಬ್ಬಿನ ಹೊರೆಯ ಮೇಲೆ, ಬಿಟ್ಟರೆ ಅವನ ಕಾಲಿನ ಮೇಲೆ. ‘ನಮ್ಮ ಮನ್ಯಾಗ ಜಗಳಾನ ಆಗೂದಿಲ್ಲರಿ ಅಯ್ಯಾರ. ಆಕಿ ಕಾಲಿನ ಕಡೆ ನೋಡಿದ್ಲಂದ್ರ ಸಾಕು, ತಪ್ಪು ನಂದ ಅಂತೇನಿ’ ಎಂದ. ಮೂವರೂ ನಕ್ಕೆವು. ಆಕೆಗೆ ಹೇಳಬೇಕಾದ ಮಾತೊಂದು ನನ್ನ ಬಳಿ ಇತ್ತು, ಅದನ್ನು ಬಿಟ್ಟು ಮೈಕಿನ ವೈರು ಸುತ್ತತೊಡಗಿದೆ.

ಈ ವರ್ಷ ಫೆಬ್ರವರಿಯಲ್ಲಿ ಮಂಟಪ ಹಾಕುವ ಸುಭಾಸ ಒಂದು ಹೊಸ ಆಟ ತಂದ. ಹುಬ್ಬಳ್ಳಿಯ ಕಡೆಯ ಒಂದು ಕಂಪನಿ, ಟೀವಿಯಲ್ಲಿ ಬರುವಂಥ ಕುಸ್ತಿ. ಹಗ್ಗ ಕಟ್ಟಿದ ರಿಂಗು, ಹೊಗೆ, ಹಾಡು, ಮುಖವಾಡ ಹಾಕಿದ ಗಂಡಸರು. ಯಾರು ಗೆಲ್ಲಬೇಕೆಂದು ಬೆಳಿಗ್ಗೆ ಚಹಾ ಕುಡಿಯುವಾಗಲೇ ತೀರ್ಮಾನಿಸಿಕೊಂಡು ಮಧ್ಯಾಹ್ನ ಒಬ್ಬರನ್ನೊಬ್ಬರು ಎತ್ತಿ ಒಗೆಯುವ ಆಟ. ಕೇಳಿದ ಕೂಡಲೇ ನನ್ನ ನೆತ್ತಿಗೇರಿತು. ಹಳಿಯಾಳದ ನೆಲದಲ್ಲಿ ಸುಳ್ಳು ಕುಸ್ತಿಯೇ? ಸುಭಾಸನನ್ನು ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲ ಕೇಳಿಸಿಕೊಂಡು, ‘ಆತ್ರಿ. ಆದ್ರ ಅಯ್ಯಾರ, ನಿಮ್ಮ ಬಾಯಿ ಇಲ್ಲದ ಹಳಿಯಾಳದಾಗ ಯಾವ ಕುಸ್ತಿ ಆಗತೈತಿ ಹೇಳ್ರಿ? ಮೈಕು ನೀವ ಹಿಡೀಬೇಕು’ ಎಂದ.

ನಾನು ಒಪ್ಪಿದೆ. ಮನುಷ್ಯನಿಗೆ ಹೊಗಳಿಕೆ ಬೇಕು, ಇದರಲ್ಲಿ ಮುಚ್ಚಿಡುವುದೇನಿದೆ.

ಮೂರು ಗಂಟೆಯ ಬಿಸಿಲಿನಲ್ಲಿ ಮೈದಾನ ತುಂಬಿಹೋಗಿತ್ತು. ದಾಂಡೇಲಿಯ ಅಂಬೇವಾಡಿಯಿಂದ, ಜೋಯಿಡಾದಿಂದ, ಮುಂಡಗೋಡದಿಂದ ಟೆಂಪೊ ಮಾಡಿಕೊಂಡು ಜನ ಬಂದಿದ್ದರು. ಮೂರು ಜೋಡಿ ನಾಟಕದ ಕುಸ್ತಿ ಮುಗಿಯಿತು. ನಾಲ್ಕನೆಯದಕ್ಕೆ ಕಂಪನಿಯ ಹೆಣ್ಣು ಪೈಲ್ವಾನಿ ಹಗ್ಗ ಹಾರಿ ಒಳಗೆ ಬಂದಳು. ‘ಬಿಜಲಿ’ ಎಂದು ಬೆನ್ನ ಮೇಲೆ ಬರೆದಿತ್ತು. ಹೆಸರು ಶಹನಾಜ, ಗೋವಾ ದಾರಿಯ ನಮ್ಮ ರಾಮನಗರದವಳೇ. ಬಾಗಿ ನನ್ನ ಕಿವಿಯಲ್ಲಿ ಹೇಳಿದಳು:

‘ಚಾಚಾ, ಇಷ್ಟೊತ್ತು ನೋಡಿದ್ದು ನಾಟಕ. ಇದೊಂದು ಖರೇ. ಊರಾಗಿನ ಯಾವ ಹೆಂಗಸರೆ ಬರ್ಲಿ, ನನ್ನ ಕೂಡ ಹಿಡೀಲಿ. ಬೆನ್ನು ನೆಲಕ್ಕ ಹತ್ತಿದ್ದು ಲೆಕ್ಕಕ್ಕಿಲ್ಲ. ಪಟ್ಟು ತಡಕೊಳ್ಳಾಕ ಆಗಲಿಲ್ಲಂದ್ರ ಕೈಲೆ ಮೂರು ಸಲ ನೆಲಾ ತಟ್ಟಬೇಕು. ತಟ್ಟಿದ ಕೂಡ್ಲೆ ಬಿಡಬೇಕು. ಘಂಟಿ ಬಾರಿಸ್ತಾರ, ಆಟ ಮುಗೀತು. ಚಂದಾಗಿ ಹೇಳ್ರಿ, ಜನಕ್ಕ ತಿಳೀಬೇಕು.’

ನಾನು ಮೈಕಿನಲ್ಲಿ ಮೂರು ಸಲ ಹೇಳಿದೆ. ಬೆನ್ನು ಲೆಕ್ಕಕ್ಕಿಲ್ಲ, ತಟ್ಟಿದರೆ ಮಾತ್ರ ಸೋಲು, ಘಂಟೆ ಬಾರಿಸುವ ತನಕ ಆಟ ಮುಗಿಯುವುದಿಲ್ಲ. ಜನ ತಲೆಯಾಡಿಸಿದರು. ‘ಯಾರು ಬರ್ತೀರಿ?’ ಎಂದು ಕೇಳಿದೆ. ಹೆಂಗಸರ ಸಾಲಿನ ಕೊನೆಯಲ್ಲಿ ತುಳಸಾ ಎದ್ದು ನಿಂತಳು.

ಮೈದಾನ ಒಮ್ಮೆಲೇ ಗುಜುಗುಜು ಎಂದಿತು. ಸುಭಾಸ ಓಡಿ ನನ್ನ ಹತ್ತಿರ ಬಂದ, ‘ಅಯ್ಯಾರ, ಇಕಿ ಆ ಪೋರಿ ಕಾಲು ಮುರದ್ರ ನನ್ನ ಗತಿ ಏನು?’ ಎಂದ. ನಾನು ಬಾಯಿ ತೆರೆಯುವ ಮೊದಲೇ ತುಳಸಾ ಹಗ್ಗದೊಳಗೆ ನುಸುಳಿದ್ದಳು. ಕೈ ಚಾಚಿದಳು. ಹಿಡಿಯುವ ಮೊದಲು ತಾನೇ ಹೇಳಿದಳು:

‘ಮೊದ್ಲ ಕೇಳ ಬಿಜಲಿಬಾಯಿ. ನಾ ಒಬ್ಬಾಕಿ ಕಾಲು ಮುರದೇನಿ. ಆರು ವರ್ಷ ಆತು, ಯಾರೂ ನನ್ನ ಕೈ ಹಿಡಿದಿಲ್ಲ. ನೀನೂ ಬ್ಯಾಡ ಅಂದ್ರ ನನಗ ಸಿಟ್ಟಿಲ್ಲ.’

ಶಹನಾಜ ಆಕೆಯನ್ನು ಕೆಳಗಿಂದ ಮೇಲಿನವರೆಗೆ ನೋಡಿದಳು. ‘ಆಕಿ ತಟ್ಟಿದ್ಲೇನು?’

‘ಇಲ್ಲ. ನಮ್ಮಲ್ಲಿ ತಟ್ಟೂದಿಲ್ಲ.’

‘ಇಲ್ಲಿ ತಟ್ಟತೇವಿ’ ಎಂದು ಶಹನಾಜ ಕೈ ಹಿಡಿದುಬಿಟ್ಟಳು!

ನಾನು ಮೈಕಿನಲ್ಲಿ ಕೂಗಿದೆ. ಆರು ವರ್ಷದ ಮೇಲೆ ಕೂಗಿದೆ. ‘ಸಾಂಬ್ರಾಣಿ ಕಡೆಯ ತುಳಸಾ ಸಿದ್ದಿ!’ ಎಂದು ಎರಡೆರಡು ಸಲ ಕೂಗಿದೆ. ಲುಯಿಸ್ ಟೆಂಪೊದ ಮೇಲೆ ಹತ್ತಿ ನಿಂತು ಅಂಗಿ ಬೀಸುತ್ತಿದ್ದ. ಎಲ್ಲಿಂದಲೋ ಒಂದು ಹಲಗೆ ವಾದ್ಯ ಮೊಳಗತೊಡಗಿತು.

ಘಂಟೆ. ತುಳಸಾ ರೂಢಿಯಂತೆ ಬಗ್ಗಿ ಕೈಗೆ ಮಣ್ಣು ಹಚ್ಚಿಕೊಳ್ಳಲು ಹೋದಳು. ಅಲ್ಲಿ ಮಣ್ಣೆಲ್ಲಿ? ಬರೀ ತಾಡಪತ್ರಿ, ಅದೇ ಟಾರ್ಪಾಲು. ಬೆವರಿಗೆ ಮೊದಲ ಹಿಡಿತವೇ ಜಾರಿತು. ಶಹನಾಜ ಬೆನ್ನಿಗೆ ಹೋಗಿ ಕುತ್ತಿಗೆಗೆ ತೋಳು ಸುತ್ತಿದಳು. ಜನ ‘ಹೋ’ ಎಂದರು. ತುಳಸಾ ಗದ್ದ ಎದೆಗೆ ಒತ್ತಿ, ಸೊಂಟ ಬಗ್ಗಿಸಿ, ಹೆಗಲ ಮೇಲಿಂದ ಆಕೆಯನ್ನು ಎತ್ತಿ ಮುಂದಕ್ಕೆ ಒಗೆದಳು. ಇಡೀ ರಿಂಗು ಅದುರಿತು. ಶಹನಾಜ ಏಳುವಷ್ಟರಲ್ಲಿ ಆಕೆಯ ಎಡಗಾಲು ತುಳಸಾಳ ಕಂಕುಳಲ್ಲಿತ್ತು. ಬಿತ್ತು ನೋಡ್ರಿ ಹೊರೆಕಟ್ಟು! ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ. ಐವತ್ತೆಂಟು ವರ್ಷದವನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಬಾರದು, ಗೊತ್ತು.

ತುಳಸಾ ಹಿಂದಕ್ಕೆ ವಾಲಿದಳು, ಆದರೆ ಅರ್ಧ ಮಾತ್ರ. ಆಕೆ ಹೆದರಿದ್ದಳು, ಅದು ನನಗೆ ಕಂಡಿತು. ಆ ಅರ್ಧಕ್ಕೇ ಶಹನಾಜ ನೋವಿಗೆ ಹೊರಳಿದಳು, ಹೊರಳಿ ಬೆನ್ನು ಪೂರ್ತಿ ನೆಲಕ್ಕೆ ತಾಗಿತು.

‘ಚಿತ್!’

ಇಡೀ ಹಳಿಯಾಳ ಒಂದೇ ಬಾಯಲ್ಲಿ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. ನಿಯಮವನ್ನು ಮೂರು ಸಲ ಹೇಳಿದ ಇದೇ ಬಾಯಿ ‘ಚಿತ್! ತುಳಸಾ ಸಿದ್ದಿ ಗೆದ್ದಾಳ!’ ಎಂದು ಮೈಕು ಹರಿಯುವಂತೆ ಒದರಿತು. ಹಲಗೆ ಎರಡಾದವು. ಒಬ್ಬ ಹಿರಿಯರು ತಮ್ಮ ತಲೆಯ ಪಟಗಾ ಬಿಚ್ಚಿ ರಿಂಗಿನೊಳಗೆ ಒಗೆದರು. ತುಳಸಾ ನಮ್ಮ ಮಣ್ಣಿನಲ್ಲಿ ಹತ್ತು ವರ್ಷ ಮಾಡಿದ್ದನ್ನೇ ಮಾಡಿದಳು. ಪಟ್ಟು ಬಿಟ್ಟು ಎದ್ದಳು, ಬಿದ್ದವಳನ್ನು ಎಬ್ಬಿಸಲು ಬಾಗಿ ಬಲಗೈ ಕೊಟ್ಟಳು. ಗೆದ್ದವರು ಸೋತವರನ್ನು ಎಬ್ಬಿಸದೆ ಕಣ ಬಿಡುವುದು ನಮ್ಮಲ್ಲಿ ದೊಡ್ಡ ಸಣ್ಣತನ.

ಘಂಟೆ ಬಾರಿಸಿರಲಿಲ್ಲ.

ಶಹನಾಜ ಕೊಟ್ಟ ಕೈಯನ್ನು ಹಿಡಿದಳು, ಜಗ್ಗಿದಳು. ತುಳಸಾ ಅಂಗಾತ ಬಿದ್ದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಕೆಯ ಬಲತೋಳು ಶಹನಾಜಳ ಎರಡು ತೊಡೆಗಳ ನಡುವೆ, ಮಣಿಕಟ್ಟು ಆಕೆಯ ಎದೆಯ ಮೇಲೆ, ಮೊಣಕೈ ತಿರುಗುಮುರುಗು. ಶಹನಾಜ ಹಿಂದಕ್ಕೆ ಮಲಗತೊಡಗಿದಳು.

‘ಮೋಸ! ಮೋಸ!’ ಎಂದು ಜನ ಎದ್ದರು. ಮೋಸವೇನೂ ಇರಲಿಲ್ಲ. ನಾವೇ, ನಾನೇ, ಮುಗಿಯದ ಆಟವನ್ನು ಮುಗಿಯಿತೆಂದು ಕೂಗಿದ್ದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಊರು ನಮ್ಮದು. ಮೋಸದ ಕೂಗು ಕ್ಷಣದಲ್ಲಿ ಬೇರೆ ಕೂಗಾಯಿತು. ‘ತಟ್ಟಬ್ಯಾಡ ತುಳಸಾ! ತಡಕೋ! ಹಳಿಯಾಳದ ಮಾನ ಐತಿ, ತಟ್ಟಬ್ಯಾಡ!’

ತುಳಸಾ ಹಲ್ಲು ಕಚ್ಚಿದಳು. ಎಡಗೈ ಮುಷ್ಟಿ ಕಟ್ಟಿ ನೆಲದಿಂದ ಮೇಲೆ ಹಿಡಿದಿದ್ದಳು. ಮೊಣಕೈ ಇನ್ನಷ್ಟು ಹಿಂದಕ್ಕೆ ಹೋಯಿತು. ಶಹನಾಜಳೇ ‘ತಟ್ಟ ಅಕ್ಕಾ, ತಟ್ಟ!’ ಎನ್ನುತ್ತಿದ್ದಳು. ಜನರ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು?

ಈಗ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ಪೂರ್ಣಿಮಾ ಹೊರೆಕಟ್ಟಿನಲ್ಲಿ ಸಿಕ್ಕಿಕೊಂಡಿದ್ದಾಗ ಆಕೆ ಹೊರಳಲು ತಯಾರಾಗಿದ್ದಳು. ಹೆಗಲು ತಿರುಗಿಸಿದ್ದಳು, ನಾನು ನೋಡಿದ್ದೆ. ಆಗ ಮೈಕಿನಲ್ಲಿ ‘ಹೊರಳಬ್ಯಾಡ ಪೂರ್ಣಿಮಾ! ತಡಕೋ! ಮುಂಡಗೋಡದ ಮಾನ ಐತಿ!’ ಎಂದು ಒದರಿದವನು ನಾನು. ಜನ ಸಿಳ್ಳೆ ಹೊಡೆದರು, ನನಗೆ ಹುರುಪು ಬಂತು, ಇನ್ನೊಮ್ಮೆ ಒದರಿದೆ. ಹುಡುಗಿ ಹೆಗಲನ್ನು ತಿರುಗಿ ಎತ್ತಿದಳು, ಕಾಲು ಹೋಯಿತು. ಆ ಗದ್ದಲದಲ್ಲಿ ನನ್ನ ಮಾತನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ನಾನೂ ಯಾರಿಗೂ ನೆನಪು ಮಾಡಲಿಲ್ಲ. ಊರೆಲ್ಲ ತುಳಸಾ ಎಂದಾಗ ಹೌದು ಹೌದು ಎಂದೆ.

ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು. ಸಾವಿರ ಜನ ಒಂದು ಮಾತನ್ನು ಕೂಗುತ್ತಿದ್ದರು. ನಾನು ಅದರ ವಿರುದ್ಧದ ಮಾತನ್ನು ಕೂಗಿದೆ:

‘ತಟ್ಟು ತುಳಸಾ! ತಟ್ಟು! ಮಾನ ಮಣ್ಣಾಗ ಹೋಗ್ಲಿ, ನಿನ್ನ ಕೈ ಉಳಿಸ್ಕೋ! ತಟ್ಟವಾ ತಾಯಿ, ತಟ್ಟು!’

ಯಾರೋ ನನಗೆ ನೀರಿನ ಬಾಟಲಿ ಎಸೆದರು. ಅದು ಹೆಗಲಿಗೆ ಬಡಿಯಿತು. ನಾನು ಕೂಗುವುದನ್ನು ಬಿಡಲಿಲ್ಲ. ತುಳಸಾ ತಲೆ ಹೊರಳಿಸಿ ನನ್ನ ಕಡೆ ನೋಡಿದಳು. ಮುಷ್ಟಿ ಬಿಚ್ಚಿತು. ಅಂಗೈ ನೆಲಕ್ಕೆ ಬಿತ್ತು. ಒಂದು. ಎರಡು. ಮೂರು.

ಶಹನಾಜ ಆ ಕ್ಷಣವೇ ಕೈ ಬಿಟ್ಟು ಎರಡೂ ತೋಳು ಮೇಲೆತ್ತಿ ದೂರ ಸರಿದಳು. ಘಂಟೆ ಬಾರಿಸಿದರು.

ತುಳಸಾ ಎದ್ದು ಕುಳಿತಳು. ಬಲಗೈಯನ್ನು ಮಡಚಿದಳು, ಚಾಚಿದಳು, ಮತ್ತೆ ಮಡಚಿದಳು. ಸೋತವಳ ಮುಖವಲ್ಲ ಅದು. ಹಬ್ಬದ ಮುಂಜಾನೆ ಎದ್ದ ಮಗುವಿನ ಮುಖ.

‘ಬಿಟ್ಟೀಯಲ್ಲ! ತಟ್ಟಿದ ಕೂಡ್ಲೆ ಬಿಟ್ಟೀಯಲ್ಲ!’

‘ಮತ್ತ? ಬಿಡದ ಇಟ್ಕೊಂಡು ನಿನ್ನ ಕೈ ರಾಮನಗರಕ್ಕ ಒಯ್ಯಲೇನು?’

ತುಳಸಾ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಂಡು, ‘ಇನ್ನೊಮ್ಮೆ ಹಿಡಿಯೂಣು?’ ಎಂದಳು.

‘ಚಲೋ’ ಎಂದಳು ಶಹನಾಜ.

ಎರಡನೆಯದು ಎರಡು ನಿಮಿಷವೂ ನಡೆಯಲಿಲ್ಲ. ಅಂಥ ಎರಡು ನಿಮಿಷವನ್ನು ನಾನು ಇಪ್ಪತ್ತಾರು ವರ್ಷದಲ್ಲಿ ನೋಡಿಲ್ಲ! ತುಳಸಾ ಗಾಳಿಯಂತೆ ಹೋದಳು. ಒಂದು ಸುತ್ತು, ಒಂದು ಬಗ್ಗು, ಕಾಲು ಕಂಕುಳಿಗೆ, ಮೊಣಕಾಲು ಅಮುಕಿತು, ಹಿಂದಕ್ಕೆ ವಾಲಿದಳು. ಈ ಸಲ ಅರ್ಧವಲ್ಲ, ಪೂರ್ತಿ. ಶಹನಾಜಳ ಬೆನ್ನು ನೆಲಕ್ಕೆ ತಾಗಿತು, ಜನರಲ್ಲಿ ಒಬ್ಬರೂ ಚಿತ್ ಎನ್ನಲಿಲ್ಲ. ಎಲ್ಲರೂ ಶಹನಾಜಳ ಕಾಲನ್ನು ನೋಡುತ್ತಿದ್ದರು. ತುಳಸಾಳ ಕಣ್ಣು ಕಾಲಿನ ಮೇಲಿರಲಿಲ್ಲ. ರೆಪ್ಪೆ ಬಡಿಯದೆ ಶಹನಾಜಳ ಅಂಗೈಯನ್ನು ನೋಡುತ್ತಿದ್ದಳು. ಆ ಅಂಗೈ ಎದ್ದಿತು. ಒಂದು. ಎರಡು.

ಬಿಟ್ಟಳು!

‘ಮೂರು ಅಂತ ಹೇಳಿದ್ನಿಲ್ಲೋ!’ ಎಂದು ಶಹನಾಜ ಕಣಕಾಲು ತಿಕ್ಕಿಕೊಳ್ಳುತ್ತ ಬೈದಳು. ‘ಎರಡಕ್ಕ ಬಿಟ್ಟಿ!’

‘ಎರಡು ಸಾಕು ಬಾಯಿ’ ಎಂದಳು ತುಳಸಾ.

ಘಂಟೆಯ ಸದ್ದು ಹಲಗೆಯ ಸದ್ದಿನಲ್ಲಿ ಮುಳುಗಿತು. ಮಾನದ ಮಾತಾಡಿದವರೇ ಈಗ ಕುಣಿಯುತ್ತಿದ್ದರು. ನನಗೆ ಬಾಟಲಿ ಎಸೆದವನು ಕೂಡ ಕುಣಿಯುತ್ತಿದ್ದ, ನಾನು ಗುರುತು ಹಿಡಿದೆ. ಎಲ್ಲರೂ ನನ್ನ ಕಡೆ ನೋಡಿದರು. ಗೆದ್ದವಳ ಹೆಸರು ಹೇಳಬೇಕಿತ್ತು. ನಾನು ಕುರ್ಚಿಯಿಂದ ಇಳಿದು, ಹೇಳಬೇಕಾದ್ದನ್ನೇ ಮೊದಲು ಹೇಳಿದೆ:

‘ಎಲ್ಲಾರೂ ಕೇಳ್ರಿ. ಮುಂಡಗೋಡದವರು ಛಲೋತ್ನಾಗಿ ಕೇಳ್ರಿ. ಪೂರ್ಣಿಮಾ ಹೊರಳಾಕ ಹತ್ತಿದ್ಲು. ಹೊರಳಬ್ಯಾಡ, ತಡಕೋ ಅಂತ ಈ ಮೈಕಿನಾಗ ಒದರಿದಾಂವ ನಾನು. ಆಕಿ ಕಾಲು ಮುರಿಯಾಕ ನನ್ನ ಬಾಯಿ ಕಾರಣ ಐತಿ. ಆರು ವರ್ಷ ನಾ ಸುಮ್ನಿದ್ದೆ, ಈ ಹೆಣ್ಣುಮಗಳಿಗೆ ಜೋಡಿ ಇಲ್ಲದಂಗಾತು. ಬೈಯ್ಯೂದಿದ್ರ ನನಗ ಬೈರಿ.’

ಬೈದರು. ಚೆನ್ನಾಗಿಯೇ ಬೈದರು, ಮುಂಡಗೋಡದ ಟೆಂಪೊದ ಕಡೆಯಿಂದ ಬಂದ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ತಲೆ ತಗ್ಗಿಸಿ ನಿಂತೆ. ನಾಚಿಕೆಯಾಯಿತು, ಹಗುರವೂ ಆಯಿತು. ತುಳಸಾ ಹಗ್ಗ ಹಿಡಿದು ನನ್ನನ್ನು ನೋಡುತ್ತಿದ್ದಳು. ಆಕೆಗೆ ಇದು ಗೊತ್ತಿತ್ತೋ ಇಲ್ಲವೋ ನಾನು ಇವತ್ತಿಗೂ ಕೇಳಿಲ್ಲ.

ಬೈಗುಳ ಒಮ್ಮೆಲೇ ನಿಂತಿತು. ತಲೆ ಎತ್ತಿ ನೋಡಿದೆ. ಮುಂಡಗೋಡದವರ ಗುಂಪಿನಿಂದ ಒಬ್ಬಳು ಜನರನ್ನು ಸರಿಸಿಕೊಂಡು ಬರುತ್ತಿದ್ದಳು. ದ್ರಾಕ್ಷಾಯಣಿ. ಚೂಡಿದಾರದ ವೇಲನ್ನು ಗೆಳತಿಯ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಹಗ್ಗದೊಳಗೆ ನುಸುಳಿದಳು. ತುಳಸಾಳ ಎದುರಿಗೆ ಹೋಗಿ ನಿಂತಳು. ಪಂಚರಿಲ್ಲ, ತೂಕವಿಲ್ಲ, ಯಾರೂ ಕರೆದು ತಂದದ್ದಲ್ಲ.

ಈ ಸಲ ಮೊದಲು ಕೈ ಚಾಚಿದವಳು ದ್ರಾಕ್ಷಾಯಣಿ.

ತುಳಸಾ ಆ ಕೈಯನ್ನು ನೋಡಿದಳು. ತನ್ನ ಕೈಯನ್ನು ಎರಡು ಸಲ ಉಟ್ಟ ಬಟ್ಟೆಗೆ ಒರೆಸಿಕೊಂಡಳು.

‘ನೋವಾದ್ರ ತಟ್ಟು ತಂಗಿ. ನಾ ನಿನ್ನ ಕೈ ನೋಡ್ಕೋತ ಇರ್ತೇನಿ.’

‘ನೀನೂ ತಟ್ಟು ಅಕ್ಕಾ’ ಎಂದಳು ದ್ರಾಕ್ಷಾಯಣಿ. ‘ನಾನೇನ್ ನಿನ್ನ ಸುಮ್ನ ಬಿಡಾಂಗಿಲ್ಲ ಮತ್ತ.’

ಇಬ್ಬರೂ ಕೈ ಹಿಡಿದರು. ನಾನು ಮೈಕು ಎತ್ತಿ ಜೋಡಿಯ ಹೆಸರು ಕೂಗಿದೆ.